ನಿಶ್ಚಿತಾರ್ಥದ ಉಂಗುರಕ್ಕೆ ಮೊಯ್ಸನೈಟ್: ಹರಳು ಪರೀಕ್ಷಕಿ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೈಸೂರು–ಮಂಡ್ಯ ಒಡವೆ ಗುಂಪಿನ ಎಲ್ಲರಿಗೂ ನಮಸ್ಕಾರ. ಹರಳು ಪರೀಕ್ಷೆ ಮಾಡೋ ಮೇಡಂ ಇವತ್ತು ರಾತ್ರಿ 8ರಿಂದ ಸಿಗ್ತಾರೆ. ಅಂಗಡಿ ಹೆಸರು ಬರೀಬೇಡಿ, ಕೇಳಿದ್ದನ್ನೇ ಮತ್ತೆ ಕೇಳಬೇಡಿ.

ಸರಸ್ವತಿಪುರಂ ಸದಸ್ಯೆ: ಮೇಡಂ, ಮೊಯ್ಸನೈಟ್ ಅಂದ್ರೆ ಅಮೆರಿಕನ್ ಡೈಮಂಡೇ ಅಲ್ವಾ? ಹೆಸರು ಬದಲಾಯಿಸಿ ಮಾರ್ತಾರೆ ಅಂತಾರೆ ನಮ್ಮತ್ತೆ.

ಪರೀಕ್ಷಕಿ: ಅಲ್ಲಮ್ಮ. ಅಮೆರಿಕನ್ ಡೈಮಂಡ್ ಅನ್ನೋದು ಕ್ಯೂಬಿಕ್ ಜಿರ್ಕೋನಿಯಾ, ಗಡಸುತನ 8ರಿಂದ 8.5. ದಿನಾ ಹಾಕಿದ್ರೆ ಅಂಚು ಸವೆದು ಮಂಕಾಗುತ್ತೆ. ಮೊಯ್ಸನೈಟ್ ಸಿಲಿಕಾನ್ ಕಾರ್ಬೈಡ್, 9.25. ವಜ್ರ 10. ಫ್ರಾನ್ಸ್ ದೇಶದ ರಸಾಯನ ವಿಜ್ಞಾನಿ ಆನ್ರಿ ಮೊಯ್ಸಾನ್ 1893ರಲ್ಲಿ ಅರಿಜೋನಾದ ಉಲ್ಕೆ ಚೂರಲ್ಲಿ ಇದನ್ನ ಕಂಡ, ಅವನ ಹೆಸರೇ ಇಟ್ರು. ಅಂಗಡೀಲಿ ಸಿಗೋದೆಲ್ಲ ಲ್ಯಾಬಲ್ಲಿ ಬೆಳೆಸಿದ ಕಲ್ಲು. ‘ಗಣಿಯಿಂದ ತೆಗೆದ ಮೊಯ್ಸನೈಟ್’ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ.

ಹೂಟಗಳ್ಳಿ ಸದಸ್ಯ: ಉಂಗುರಕ್ಕೆ ಹಾಲ್‌ಮಾರ್ಕ್ ಇದ್ರೆ ಕಲ್ಲೂ ಅಸಲಿ ತಾನೇ?

ಪರೀಕ್ಷಕಿ: ಹಾಲ್‌ಮಾರ್ಕ್ ಹೇಳೋದು ಚಿನ್ನದ ಬಗ್ಗೆ ಮಾತ್ರ. ಬಿಐಎಸ್ ಗುರುತು, ಶುದ್ಧತೆ, ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಎಚ್‌ಯುಐಡಿ, ಈ ಮೂರೂ ಇರಬೇಕು. 18 ಕ್ಯಾರಟ್‌ಗೆ 750, 14ಕ್ಕೆ 585. ಎಚ್‌ಯುಐಡಿನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ನೋಡಿ. ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಶ್ರೀರಂಗಪಟ್ಟಣ ಸದಸ್ಯ: ಫಾರ್ವರ್ಡ್ ಬಂದಿದೆ, ನೋಡಿ. ಕಲ್ಲಿನ ಮೇಲೆ ಉಸಿರು ಬಿಡಬೇಕು, ತಕ್ಷಣ ಆರಿದ್ರೆ ವಜ್ರ. ಗಾಜು ಗೀಚಿದ್ರೆ ವಜ್ರ. ಲೈಟರಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದ್ರೆ ಸೀಳಲ್ಲ.

ಪರೀಕ್ಷಕಿ: ಮೂರೂ ಉಪಯೋಗ ಇಲ್ಲ. ಮೊಯ್ಸನೈಟ್ ಕೂಡ ವಜ್ರದ ಹಾಗೇ ಶಾಖ ಬೇಗ ಬಿಡುತ್ತೆ, ಉಸಿರು ತಕ್ಷಣ ಆರುತ್ತೆ. ಗಾಜನ್ನ ಸ್ಫಟಿಕದ ಚೂರೂ ಗೀಚುತ್ತೆ. ಲೈಟರ್ ಮಾತ್ರ ದಯವಿಟ್ಟು ಬೇಡ. ಕಲ್ಲಿಗೆ ಏನೂ ಆಗದೆ ಇರಬಹುದು, ಆದ್ರೆ ಉಂಗುರಕ್ಕೆ ಮಸಿ ಹಿಡಿಯುತ್ತೆ, ಬಿಳಿ ಚಿನ್ನದ ಮೇಲಿರೋ ಲೇಪ ಹಾಳಾಗುತ್ತೆ, ಬಿರುಕಿದ್ದ ಕಲ್ಲಾದ್ರೆ ಸೀಳೇ ಬಿಡುತ್ತೆ.

ಮದ್ದೂರು ಸದಸ್ಯ: ಮೇಡಂ, ಅಣ್ಣನ ನಿಶ್ಚಿತಾರ್ಥಕ್ಕೆ ಉಂಗುರ ನೋಡಿದೀವಿ. ‘ಲ್ಯಾಬ್ ಡೈಮಂಡ್, 2 ಕ್ಯಾರಟ್ ಲುಕ್’ ಅಂದ್ರು. ಪೆನ್ ಥರದ ಟೆಸ್ಟರ್ ಇಟ್ಟು ಬೀಪ್ ಅನ್ನಿಸಿ ತೋರಿಸಿದ್ರು. ಕಲ್ಲಿಗೇ 72 ಸಾವಿರ, 10 ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಎಸ್ಟಿಮೇಟಲ್ಲಿ ಹೀಗಿದೆ: ಒಟ್ಟು ತೂಕ 4.350 ಗ್ರಾಂ, ನಿವ್ವಳ ಚಿನ್ನ 4.000 ಗ್ರಾಂ, ‘ಸ್ಟೋನ್ 1.75 ಕ್ಯಾರಟ್’. ಜೊತೆಗಿರೋ ಕಾರ್ಡಲ್ಲಿ 8.00–8.02 × 4.92 ಮಿ.ಮೀ. ಅಂತಿದೆ. ತಗೋಬಹುದಾ?

ಪರೀಕ್ಷಕಿ: ಬಾಕಿ ಹಣ ಕಟ್ಟಬೇಡಿ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಮೊದಲು ಆ ಬೀಪ್. ಆ ಪೆನ್ ಅಳೆಯೋದು ಶಾಖ ಹರಿಯೋದನ್ನ ಮಾತ್ರ. ಮೊಯ್ಸನೈಟಿಗೂ ‘ಡೈಮಂಡ್’ ಅಂತಾನೇ ಕೂಗುತ್ತೆ. ಶಾಖದ ಜೊತೆ ವಿದ್ಯುತ್ತನ್ನೂ ನೋಡೋ ಟೆಸ್ಟರ್ ಬೇರೆ ಇದೆ. ಅದೂ ಕೊನೇ ಮಾತಲ್ಲ. ವಿದ್ಯುತ್ ಅಷ್ಟಾಗಿ ಹರಿಯದ ಮೊಯ್ಸನೈಟ್ ಅದರಲ್ಲೂ ವಜ್ರವಾಗಿ ಪಾಸಾಗಬಹುದು, ಬೋರಾನ್ ಇರೋ ಬೆಳೆಸಿದ ವಜ್ರ ಮೊಯ್ಸನೈಟ್ ಅಂತ ತೋರಿಸಬಹುದು.

ಇನ್ನು ನಿಮ್ಮ ಕಾಗದ. 4.350ರಲ್ಲಿ 4.000 ಕಳೆದ್ರೆ 0.350 ಗ್ರಾಂ. ಕಲ್ಲಿನ ತೂಕದಲ್ಲಿ ಒಂದು ಕ್ಯಾರಟ್ ಅಂದ್ರೆ 0.2 ಗ್ರಾಂ, ಹಾಗಾಗಿ 1.75 ಕ್ಯಾರಟ್. ಅಂದ್ರೆ ಅವರು ಬರೆದಿರೋದು ತಕ್ಕಡಿ ತೂಕವೇ, ‘ಇದೇ ಗಾತ್ರದ ವಜ್ರ ಆಗಿದ್ರೆ ಇಷ್ಟು ತೂಕ’ ಅನ್ನೋ ಲೆಕ್ಕದ್ದಲ್ಲ. ಇಲ್ಲೇ ಸಿಕ್ಕಿಬಿದ್ದಿರೋದು. ದುಂಡು ವಜ್ರದ ತೂಕ ಅಂದಾಜು ಮಾಡೋದು ಹೀಗೆ: ವ್ಯಾಸ × ವ್ಯಾಸ × ಆಳ × 0.0061. ನಿಮ್ಮ ಅಳತೆಗೆ 8.01 × 8.01 × 4.92 × 0.0061, ಸುಮಾರು 1.93 ಕ್ಯಾರಟ್ ಬರಬೇಕು. ವಜ್ರದ ಸಾಂದ್ರತೆ 3.52, ಮೊಯ್ಸನೈಟಿನದು 3.22. ಆ ಪ್ರಮಾಣಕ್ಕೆ ಇಳಿಸಿದ್ರೆ 1.76. ನಿಮ್ಮ ಕಲ್ಲು 1.75! ಜಿರ್ಕೋನಿಯಾ ಆಗಿದ್ರೆ 3 ಕ್ಯಾರಟ್ ದಾಟ್ತಿತ್ತು. ಅಂದಾಜಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ, ಒಪ್ತೀನಿ. ಆದ್ರೆ ನಡುಪಟ್ಟಿ (ಕಲ್ಲಿನ ಸುತ್ತಲಿನ ಅಂಚು) ದಪ್ಪ ಇದ್ರೆ ತೂಕ ಏರುತ್ತೆ, ಹೀಗೆ ಇಳಿಯಲ್ಲ.

ತೂಕ ಅನುಮಾನ ಹುಟ್ಟಿಸುತ್ತೆ ಅಷ್ಟೆ, ತೀರ್ಪು ಕಣ್ಣಿಂದಲೇ ಆಗಬೇಕು. 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಚಿಕ್ಕ ಭೂತಗನ್ನಡಿ) ತಗೊಂಡು ಕಲ್ಲನ್ನ ವಾಲಿಸಿ, ಮೇಲಿನ ಚಪ್ಪಟೆ ಮುಖ ಬಿಟ್ಟು ಪಕ್ಕದ ಇಳಿಜಾರು ಮುಖದ ಮೂಲಕ ತಳದ ಗೆರೆಗಳನ್ನ ನೋಡಿ. ಒಂದೊಂದು ಗೆರೆ ಎರಡೆರಡಾಗಿ ಕಂಡ್ರೆ ಮೊಯ್ಸನೈಟ್. ವಜ್ರದಲ್ಲಿ ಒಂದೇ. ನೆಟ್ಟಗೆ ಮೇಲಿಂದ ನೋಡಿದ್ರೆ ಕಾಣಲ್ಲ, ಆ ದಿಕ್ಕಲ್ಲಿ ಜೋಡಿ ಕಾಣದ ಹಾಗೇ ಕಲ್ಲನ್ನ ಕತ್ತರಿಸಿರ್ತಾರೆ. ಅಂಗಡಿಯವರು ಲೂಪನ್ನ ನೆಟ್ಟಗೇ ಹಿಡಿದು ತೋರಿಸಿದ್ರೆ ನೀವೇ ವಾಲಿಸಿ.

ಕೊನೆಗೆ, ಬಿಲ್ಲಲ್ಲಿ ‘ಸ್ಟೋನ್’ ಅಂತ ಬಿಡಬೇಡಿ. ‘ಲ್ಯಾಬಲ್ಲಿ ಬೆಳೆಸಿದ ವಜ್ರ’ ಅಂತ ಪೂರ್ತಿ ಹೆಸರು ಬರೆಸಿ, ಮೊಯ್ಸನೈಟ್ ಆದ್ರೆ ಹಾಗೇ ಬರೆದು ಆ ಬೆಲೆ ಹಾಕಲಿ. ಮೊಯ್ಸನೈಟ್ ಕೆಟ್ಟ ಕಲ್ಲಲ್ಲ. ವಜ್ರದ ರೇಟಿಗೆ ಮಾರೋದು ಮೋಸ.

ಕುವೆಂಪುನಗರ ಸದಸ್ಯೆ: ಸೂಪರ್ ಮೇಡಂ. ನಂದು ಹಾಲ್‌ಮಾರ್ಕ್ ಇರೋ ಉಂಗುರ, ಕಲ್ಲು ಅಸಲೀನೇ ಇರುತ್ತೆ ಅಲ್ವಾ?

ಪರೀಕ್ಷಕಿ: ಮೇಲೆ ಓದಿ.

ಪಾಂಡವಪುರ ಸದಸ್ಯ: ಇಷ್ಟೆಲ್ಲ ಯಾಕೆ? ವಜ್ರ ಎಲ್ಲರಿಗೂ ಆಗಿಬರಲ್ಲ. ಆಗಿಬರದವರು ಈ ಕಲ್ಲು ಹಾಕ್ಕೊಂಡ್ರೆ ದೋಷ ಇಲ್ಲ. ಹೆಣ್ಣಿನ ಕಡೆಯವರಿಗೆ ವಜ್ರ ಅಂದ್ರೂ ಆಯ್ತು.

ವಿಜಯನಗರ ಸದಸ್ಯೆ: ಏನಣ್ಣ ಹಂಗಂದ್ರೆ? ಸುಳ್ಳು ಹೇಳಿ ಉಂಗುರ ತೊಡಿಸೋದಾ? ನಾಳೆ ಗಿರವಿ ಇಡಕ್ಕೆ ಹೋದಾಗ ಗೊತ್ತಾಗಲ್ವಾ?

ಪಾಂಡವಪುರ ಸದಸ್ಯ: ಗಿರವಿ ಇಡೋ ಯೋಚನೆ ನಿಶ್ಚಿತಾರ್ಥದ ದಿನಾನೇ ಬಂತಾ ನಿಮಗೆ?

ವಿಜಯನಗರ ಸದಸ್ಯೆ: ಬರಬೇಕು ಕಣ್ರೀ. ಒಡವೆ ಅನ್ನೋದೇ ಅದಕ್ಕೆ.

ಪರೀಕ್ಷಕಿ: ಗ್ರಹದ ವಿಷಯ ನನಗೆ ಸೇರಿದ್ದಲ್ಲ. ಗಿರವಿಗೆ ನಿವ್ವಳ ಚಿನ್ನ ಮಾತ್ರ ಲೆಕ್ಕ, ಕಲ್ಲಿನ ತೂಕ ಕಳೀತಾರೆ. ಮೊಯ್ಸನೈಟಿಗೆ ಮರುಮಾರಾಟದ ಬೆಲೆ ಇಲ್ಲ ಅಂತಲೇ ಇಟ್ಕೊಳ್ಳಿ. ಅದಕ್ಕೇ ದುಡ್ಡು ಚಿನ್ನಕ್ಕೆ ಹಾಕಿ, ಕಲ್ಲಿಗೆ ಕಡಿಮೆ.

ಮಂಡ್ಯ ಸದಸ್ಯೆ: ಅಕ್ಕ, ದಿನಾ ಹಾಕ್ಕೋಬೇಕು, ಮುದ್ದೆ ತಿರುವೋ ಕೈ. ಯಾವ ಥರ ಕಟ್ಟಿಸಲಿ?

ಪರೀಕ್ಷಕಿ: ಒಳ್ಳೇ ಪ್ರಶ್ನೆ. ಸುತ್ತ ಪಟ್ಟಿ ಹಾಕಿ ಕಟ್ಟಿಸಿ, ಇಲ್ಲಾಂದ್ರೆ ತಗ್ಗಾಗಿ ಕೂರೋ ಆರು ಪ್ರಾಂಗ್ (ಕಲ್ಲು ಹಿಡಿದಿಡೋ ಕೊಕ್ಕೆ). ನಾಲ್ಕರಲ್ಲಿ ಒಂದು ಎದ್ದರೂ ಕಲ್ಲು ಹೋಗುತ್ತೆ. ಹಿಂಭಾಗ ತೆರೆದಿರಲಿ. ಮುಚ್ಚಿ ಕಟ್ಟಿದ್ರೆ ಹಿಟ್ಟು, ಸೋಪು ಒಳಗೆ ನಿಂತು ಕಲ್ಲು ಸತ್ತ ಹಾಗೆ ಕಾಣುತ್ತೆ. ದಿನಬಳಕೆಗೆ ಬೆಳ್ಳಿ ಬೇಡ, ಪ್ರಾಂಗ್ ಬಾಗುತ್ತೆ. 18 ಅಥವಾ 14 ಕ್ಯಾರಟ್ ಚಿನ್ನ ಸಾಕು. ಗಾತ್ರ 6.5 ಮಿ.ಮೀ. ಚೆನ್ನಾಗಿರುತ್ತೆ. ಬಣ್ಣದ ಮಿಂಚಿನ ಅಳತೆ ವಜ್ರದಲ್ಲಿ 0.044 ಆದ್ರೆ ಇದರಲ್ಲಿ 0.104, ಕಲ್ಲು ದೊಡ್ಡದಾದಷ್ಟೂ ಬಿಸಿಲಲ್ಲಿ ಕಾಮನಬಿಲ್ಲು ಜಾಸ್ತಿ. ನನಗಂತೂ 8 ಮಿ.ಮೀ. ಜಾತ್ರೆ ದೀಪದ ಹಾಗೆ ಕಾಣುತ್ತೆ. ಉಂಗುರದ ಸುತ್ತಲೂ ಕಲ್ಲು ಬೇಡ, ಆಮೇಲೆ ಅಳತೆ ಬದಲಾಯಿಸಕ್ಕಾಗಲ್ಲ.

ಸರಸ್ವತಿಪುರಂ ಸದಸ್ಯೆ: ಕಪ್ಪು ಮೊಯ್ಸನೈಟ್ ಹೇಗೆ ಮೇಡಂ?

ಶ್ರೀರಂಗಪಟ್ಟಣ ಸದಸ್ಯ: ಇನ್ನೊಂದು ಫಾರ್ವರ್ಡ್. ಕಲ್ಲು ಮಂಕಾದ್ರೆ ಟೂತ್‌ಪೇಸ್ಟ್, ಹುಣಸೆಹಣ್ಣು, ಬ್ಲೀಚಿಂಗ್ ಪೌಡರ್ ನೀರು. 100% ಗ್ಯಾರಂಟಿ.

ಪರೀಕ್ಷಕಿ: ಬ್ಲೀಚಿಂಗ್ ನೀರು ಹಾಕಲೇಬೇಡಿ! ಕ್ಲೋರಿನ್ 14, 18 ಕ್ಯಾರಟ್ ಚಿನ್ನದಲ್ಲಿರೋ ಬೆರಕೆ ಲೋಹವನ್ನ ತಿನ್ನುತ್ತೆ, ಪ್ರಾಂಗ್ ಬಿರುಕು ಬಿಡುತ್ತೆ. ಪೇಸ್ಟ್ ಚಿನ್ನದ ಹೊಳಪನ್ನ ಗೀರುತ್ತೆ. ಹುಣಸೆಹಣ್ಣು ಹಿತ್ತಾಳೆಗೆ ಇಟ್ಕೊಳ್ಳಿ. ಒಂದು ಲೋಟ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ದ್ರವ ಎರಡು ಹನಿ, 15 ನಿಮಿಷ ನೆನೆಸಿ. ಮಕ್ಕಳ ಬ್ರಶ್‌ನಲ್ಲಿ ಹಿಂದಿನಿಂದ ಉಜ್ಜಿ. ಸಿಂಕಲ್ಲಿ ಬೇಡ, ಬಟ್ಟಲಲ್ಲಿ. ಮೇಲೆ ಎಣ್ಣೆ ಹರಡಿದ ಹಾಗೆ ಬಣ್ಣದ ಪೊರೆ ಕಂಡ್ರೆ ಹೆದರಬೇಡಿ, ಅದು ಮೇಲ್ಮೈಯದ್ದು. ಒಡವೆ ಒರೆಸೋ ಪಾಲಿಶ್ ಬಟ್ಟೆಯಲ್ಲಿ ಉಜ್ಜಿದ್ರೆ ಹೋಗುತ್ತೆ.

ಶ್ರೀರಂಗಪಟ್ಟಣ ಸದಸ್ಯ: ಆದ್ರೆ ಪೇಸ್ಟ್ ಎಲ್ಲರೂ ಹಾಕ್ತಾರಲ್ಲ...

ಪರೀಕ್ಷಕಿ: ಹಾಕ್ಕೊಳ್ಳಿ ಹಾಗಾದ್ರೆ. ನನ್ನನ್ನ ಯಾಕೆ ಕೇಳ್ತೀರಿ?

ಹೂಟಗಳ್ಳಿ ಸದಸ್ಯ: ಅಶೋಕ ರಸ್ತೇಲಿ ನಂಬಿಕಸ್ತ ಅಂಗಡಿ ಯಾವುದು? ರೇಟ್ ಎಷ್ಟು?

ಪಾಂಡವಪುರ ಸದಸ್ಯ: ಅಂಗಡಿ ಹೆಸರು ಬೇಡ ಅಂತ ಮೊದಲೇ ಹೇಳಿಲ್ವಾ? ಓದಕ್ಕೆ ಬರಲ್ವಾ?

ವಿಜಯನಗರ ಸದಸ್ಯೆ: ನೀವೇನ್ರೀ ಅಡ್ಮಿನ್ನಾ?

ಅಡ್ಮಿನ್: ಇಬ್ರೂ ಸಾಕು ಮಾಡಿ.

ಮದ್ದೂರು ಸದಸ್ಯ: ಮೇಡಂ, ಲೂಪಲ್ಲಿ ವಾಲಿಸಿ ನೋಡಿದ್ವಿ, ಗೆರೆ ಎರಡೆರಡು ಕಾಣ್ತಿದೆ. ಬಿಲ್ಲಲ್ಲಿ ‘ವಜ್ರ’ ಅಂತ ಬರೆಯಕ್ಕಾಗಲ್ಲ, ‘ಸ್ಟೋನ್’ ಅಂತಾನೇ ಬರೆಯೋದು ಅಂತಾರೆ. ಅಡ್ವಾನ್ಸ್ ವಾಪಸ್ ಕೊಡಲ್ವಂತೆ.

ಪರೀಕ್ಷಕಿ: ಬರೆಯಕ್ಕಾಗಲ್ಲ ಅಂದ ಮೇಲೆ ಕಲ್ಲು ಏನಂತ ಅವರೇ ಹೇಳಿದ ಹಾಗಾಯ್ತು. ಎಸ್ಟಿಮೇಟ್, ಕಾರ್ಡ್, ಅಡ್ವಾನ್ಸ್ ರಸೀದಿ ಮೂರರ ಫೋಟೋ ಇಟ್ಕೊಳ್ಳಿ. ‘ಲ್ಯಾಬ್ ಡೈಮಂಡ್ ಅಂತ ಹೇಳಿ ಅಡ್ವಾನ್ಸ್ ತಗೊಂಡಿದ್ದೀರಿ, ವಾಪಸ್ ಕೊಡಿ’ ಅಂತ ಅವರಿಗೆ ವಾಟ್ಸಾಪಲ್ಲಿ ಬರೀರಿ, ಬರೀ ಬಾಯಲ್ಲಿ ಹೇಳಬೇಡಿ. ಕೊಡದಿದ್ರೆ ಗ್ರಾಹಕ ಸಹಾಯವಾಣಿ 1915. ಉಂಗುರ ಅವರ ಹತ್ರಾನೇ ಇರಲಿ, ಮನೆಗೆ ತರಬೇಡಿ.