ಸಮಸ್ಯೆ: ಎಂಟು ಕಳೆದರೆ ತಾನೆ ಹಾರ ತುಂಬುವುದು

ಕೊಪ್ಪಳದ ಮೇಷ್ಟ್ರು: ಈ ವಾರದ ಸಾಲು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಮೇಲಿನ ಮೂರು ಸಾಲು ಕಟ್ಟಿ ಪೂರಣ ಮಾಡಿ. ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರೋದು, ತಪ್ಪಬಾರದು. ಸಾಲಿನೊಳಗೆ ಒಂದು ದೊಡ್ಡ ಸಂಖ್ಯೆ ಅಡಗಿ ಕೂತಿದೆ. ಆದರೆ ಲೆಕ್ಕದ ಪೂರಣವೇ ಬೇಕು ಅಂತೇನಿಲ್ಲ.

ರಾಯಚೂರಿನ ಅಕ್ಕ: ಲೆಕ್ಕ ನನ್ನ ಕೈಲಿ ಆಗಲ್ಲ ಸರ್. ನನ್ನ ಎಂಟು ಗಡಿಯಾರದ್ದು.

ಅಂಟಿರುವ ಬಿಸಿಲಿಳಿದು ಗಾಳಿ ಬೀಸಿದರೆ
ಒಂಟಿ ಕುಳಿತಜ್ಜಿಗೂ ಬರುತಾರೆ ಜನರು
ಗಂಟೆ ನೋಡುತ ಮೊಗ್ಗು ಕಟ್ಟುವಳು ಮೆಲ್ಲ
ಎಂಟು ಕಳೆದರೆ ತಾನೆ ಹಾರ ತುಂಬುವುದು

ಮಲ್ಲಿಗೆ ಬಿರಿಯೋದು ರಾತ್ರಿ ಅಲ್ವಾ?

ಸಿಂಧನೂರಿನ ತಮ್ಮ: ಅಕ್ಕಾ, ಇದರ ಮುಂದೆ ನಂದು ಒಣ ರೊಟ್ಟಿ. ಆದರೂ ಹಾಕ್ತೀನಿ.

ಒಂಟಿ ಮಣಿಯೊಂಬತ್ತು ಬೇಕೆಂದನರಸ
ಗಂಟಿನೊಳಗೊಂದರಿಂದೊಂಬತ್ತರಂಕ
ನಂಟಿರಲಿ ಒಂಬತ್ತರೊಡನೆ, ಗುಣಿಸಣ್ಣ
ಎಂಟು ಕಳೆದರೆ ತಾನೆ ಹಾರ ತುಂಬುವುದು

ಸಂಖ್ಯೆ 1,23,45,679. ಈ ಅಂಕಿಗಳ ಸಾಲಿನಲ್ಲಿ ಎಂಟು ಇಲ್ಲ. ಒಂಬತ್ತರಿಂದ ಗುಣಿಸಿದರೆ 11,11,11,111. ಒಂಬತ್ತೂ ಮಣಿ ಒಂದೇ ಥರ.

ಬಳ್ಳಾರಿಯ ಅಂಗಡಿ ಅಣ್ಣ: ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಹೌದು. 81 ಹಾಕಿದರೆ ಪೂರಾ ಒಂಬತ್ತೇ ಬಂತು. ಸುಮ್ನೆ ಎಂಟನ್ನೂ ಸೇರಿಸಿ, 12,34,56,789ನ್ನು ಒಂಬತ್ತರಿಂದ ಗುಣಿಸಿದೆ. 1,11,11,11,101! ನಡುವೆ ಸೊನ್ನೆ ಯಾಕೆ ಬಂತು?

ಕೊಪ್ಪಳದ ಮೇಷ್ಟ್ರು: ಕ್ಯಾಲ್ಕುಲೇಟರ್ ಬಿಟ್ಟು ಕೈಯಲ್ಲಿ ಮಾಡಿ. ಒಂಬತ್ತೊಂಬತ್ಲೆ 81. ಒಂದು ಬರೆದು, ಕೈಯಲ್ಲಿ ಎಂಟು. ಮುಂದೆ ಏಳಿದ್ದರೆ 63ಕ್ಕೆ ಎಂಟು ಸೇರಿ 71, ಮತ್ತೆ ಒಂದು. ಆರಕ್ಕೆ 54, ಕೈಯಲ್ಲಿದ್ದ ಏಳು ಸೇರಿ 61. ಹೀಗೇ ಕೊನೆಯವರೆಗೂ. ಏಳಿನ ಜಾಗಕ್ಕೆ ಎಂಟು ಬಂದರೆ 72ಕ್ಕೆ ಎಂಟು ಸೇರಿ 80. ಅದೇ ನಿಮ್ಮ ಸೊನ್ನೆ. ಕಾಣೆಯಾದ ಎಂಟು ಎಲ್ಲೂ ಹೋಗಿಲ್ಲ, 81ರ ದಶಕವಾಗಿ ಕೈಯಲ್ಲೇ ಇದೆ!

ಇದು ನನ್ನ ಸ್ವಂತದ್ದಲ್ಲ. 9ನೇ ಶತಮಾನದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಇಂಥ ಗುಣಲಬ್ಧಗಳನ್ನು ಕಂಠಾಭರಣ, ಅಂದರೆ ಕೊರಳ ಹಾರ, ಅಂತ ಕರೆದು ಕೊಟ್ಟಿದ್ದಾರೆ. 1,52,207ನ್ನು 73ರಿಂದ ಗುಣಿಸಿ, ಎಂಟು ಒಂದುಗಳು ಬರುತ್ತವೆ. ಅವರು ಹೊಗಳಿದ ದೊರೆ ಅಮೋಘವರ್ಷ ನೃಪತುಂಗ. ಅದೇ ಆಸ್ಥಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡು ಹೇಳುವಾಗ ನಮ್ಮ ಕೊಪಣವನ್ನೂ, ಅಂದರೆ ಇವತ್ತಿನ ಕೊಪ್ಪಳವನ್ನೂ, ಹೆಸರಿಸುತ್ತದೆ. ಹೇಳಿಕೊಳ್ಳದೆ ಇರೋಕೆ ಆಗಲಿಲ್ಲ.

ಬಳ್ಳಾರಿಯ ಅಂಗಡಿ ಅಣ್ಣ: ಹಂಗಾದ್ರೆ ನಂದೂ ಒಂದು.

ಕಂಠದಲಿ ಸೊನ್ನೆಯೊಂದೇಕೆಂದು ಮುನಿದು
ಗಂಟಿಂದ ತೆಗೆದಿಟ್ಟೆ ಕೈಯೊಳಗೆ ಮಣಿಯ
ಉಂಟು ದಶಕದೊಳದುವೆ, ಹೊರಗಿಲ್ಲ ನೋಡು
ಎಂಟು ಕಳೆದರೆ ತಾನೆ ಹಾರ ತುಂಬುವುದು

ಸಿಂಧನೂರಿನ ತಮ್ಮ: ಅಣ್ಣಾ, ಕಂಠದ್ದು ಠ, ಎಂಟಿನದ್ದು ಟ. ಪ್ರಾಸ ತಪ್ಪಿತು.

ಬಳ್ಳಾರಿಯ ಅಂಗಡಿ ಅಣ್ಣ: ಒಂದೇ ವರ್ಗ ಅಲ್ಲೇನಪ್ಪಾ? ವರ್ಗಪ್ರಾಸ ಅಂತ ಬಿಟ್ಟುಬಿಡು.

ಕೊಪ್ಪಳದ ಮೇಷ್ಟ್ರು: ಬಿಟ್ಟೆ. ಎಂಟನ್ನೇ ಬಿಟ್ಟಿದ್ದೇವೆ, ಠ ಏನು ಮಹಾ. ಆದರೆ ಈ ವಾರದ ಹಾರ ಅಕ್ಕನಿಗೆ.

ರಾಯಚೂರಿನ ಅಕ್ಕ: ಎಂಟು ಕಳೆದ ಮೇಲೆ ಕಳಿಸಿ ಸರ್. ಈಗ ಇನ್ನೂ ಮೊಗ್ಗು.