ಗದಗದಲ್ಲಿ ಡ್ರೋನ್ ಬೆಳಕಿನ ಪ್ರದರ್ಶನ: ಗಾಳಿ, ಮಳೆಯ ಬಗ್ಗೆ ಅನುಭವ ಇದ್ದವರು ತಿಳಿಸಿ

ಗದಗದಿಂದ ಪ್ರಶ್ನೆ:

ನಮ್ಮ ಕಾಲೇಜಿನ ಸುವರ್ಣ ಮಹೋತ್ಸವಕ್ಕೆ 200 ಡ್ರೋನ್‌ಗಳ ಬೆಳಕಿನ ಪ್ರದರ್ಶನ ಏರ್ಪಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘ ತೀರ್ಮಾನಿಸಿದೆ. ಮೈಸೂರು ದಸರೆಯಲ್ಲಿ ನೋಡಿ ಬಂದವರು ಪಟ್ಟು ಹಿಡಿದಿದ್ದಾರೆ. ದಿನಾಂಕ ಅಕ್ಟೋಬರ್ ಮೊದಲ ವಾರವೋ ಜನವರಿಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಳೆ ಬಂದರೆ ಮುಂದೂಡೋಣ ಎನ್ನುವ ಕಂಪನಿಯವರು, ಗಾಳಿಯ ಮಾತು ತೆಗೆದರೆ "ಸಂಜೆ ಗಾಳಿ ಇರುವುದಿಲ್ಲ, ಚಿಂತೆ ಬಿಡಿ" ಎನ್ನುತ್ತಾರೆ. ಸಹಿ ಹಾಕುವ ಮೊದಲು ಏನೇನು ಕೇಳಬೇಕು?

ಹುಬ್ಬಳ್ಳಿಯಿಂದ, ಕಾರ್ಯಕ್ರಮ ಆಯೋಜಕ:

ಆ ಮಾತನ್ನು ದಯವಿಟ್ಟು ನಂಬಬೇಡಿ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ಹತ್ತಿರದ ಗಾಳಿ ಮೇಲಿನ ಗಾಳಿಯೊಂದಿಗೆ ಬೆರೆಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮೈದಾನದಲ್ಲಿ ಬೇವಿನ ಎಲೆಯೂ ಅಲ್ಲಾಡದಿರುವಾಗ ನೂರು ಮೀಟರ್ ಮೇಲೆ ಗಾಳಿ ಜೋರಾಗಿಯೇ ಬೀಸುತ್ತಿರಬಹುದು. ಗದಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು ರಾತ್ರಿಯೂ ತಿರುಗುವುದನ್ನು ನೀವು ನೋಡಿಯೇ ಇರುತ್ತೀರಿ. ಆ ರೆಕ್ಕೆಗಳು ತಿರುಗುವ ಎತ್ತರವೂ ಡ್ರೋನ್‌ಗಳು ಚಿತ್ರ ಬಿಡಿಸುವ ಎತ್ತರವೂ ಹೆಚ್ಚುಕಡಿಮೆ ಒಂದೇ.

ಪ್ರದರ್ಶನಕ್ಕೆ ಬಳಸುವ ಡ್ರೋನ್‌ಗಳು ಹಗುರ, ಬಹುಪಾಲು ಒಂದು ಕಿಲೋಗಿಂತ ಕಡಿಮೆ. ಸಾಮಾನ್ಯವಾಗಿ ಅವುಗಳ ಗಾಳಿಯ ಮಿತಿ ಸೆಕೆಂಡಿಗೆ 8ರಿಂದ 10 ಮೀಟರ್, ಅಂದರೆ ಗಂಟೆಗೆ ಸುಮಾರು 30ರಿಂದ 36 ಕಿಲೋಮೀಟರ್. ಮಿತಿಯ ಹತ್ತಿರ ಬಂದಾಗ ಏನಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಆಕಾಶದಲ್ಲಿ ಕರ್ನಾಟಕದ ನಕ್ಷೆ ಮೂಡಿತ್ತು. ಗಾಳಿ ಬೀಸಿದ ಕಡೆಯ ಅಂಚಿನ ಚುಕ್ಕಿಗಳು ಮೊದಲು ನಡುಗತೊಡಗಿದವು, ಗೆರೆ ಸೊಟ್ಟಗಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಡ್ರೋನ್ ಸಾಲು ಬಿಟ್ಟು ಕೆಳಗಿಳಿಯಿತು. ಗಾಳಿಗೆ ಎದುರಾಗಿ ಒಂದೇ ಜಾಗದಲ್ಲಿ ನಿಲ್ಲಲು ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿ ಲೆಕ್ಕಕ್ಕಿಂತ ಮೊದಲೇ ಇಳಿಯುತ್ತದೆ. ಅವು ಸುರಕ್ಷಿತವಾಗಿ ಇಳಿದವು ಎಂಬುದೇ ಸಮಾಧಾನ.

ಎಲ್ಲ ಕಡೆಯೂ ಹಾಗಾಗುವುದಿಲ್ಲ. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಡಾಕ್‌ಲ್ಯಾಂಡ್ಸ್‌ನಲ್ಲಿ 500 ಡ್ರೋನ್‌ಗಳ ಪೈಕಿ 400ಕ್ಕೂ ಹೆಚ್ಚು ನೀರು ಪಾಲಾದವು. ಮೇಲಿನ ಗಾಳಿ ಆ ಡ್ರೋನ್‌ಗಳ ಮಿತಿಯನ್ನು ಮೀರಿತ್ತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆಯ ತನಿಖೆ ಹೇಳಿತು. ಅಲ್ಲಿ ಕೆಳಗೆ ನೀರಿತ್ತು. ನಿಮ್ಮ ಮೈದಾನದಲ್ಲಿ ಮಕ್ಕಳು ಕುಳಿತಿರುತ್ತಾರೆ.

ಆದ್ದರಿಂದ ಗಾಳಿಯ ಮಿತಿ ಎಷ್ಟು, ಅದನ್ನು ಯಾವ ಎತ್ತರದಲ್ಲಿ ಅಳೆಯುತ್ತೀರಿ ಎಂಬ ಎರಡನ್ನೂ ಬರೆಸಿಕೊಳ್ಳಿ. ಪ್ರದರ್ಶನಕ್ಕೆ ಸ್ವಲ್ಪ ಮೊದಲು ಒಂದೇ ಡ್ರೋನ್ ಅನ್ನು ಪೂರ್ತಿ ಎತ್ತರಕ್ಕೆ ಏರಿಸಿ ನಿಲ್ಲಿಸಿದರೆ, ಅದು ಎಷ್ಟು ವಾಲುತ್ತದೆ ಎಂಬುದರಿಂದ ಗಾಳಿಯ ಅಂದಾಜು ಸಿಗುತ್ತದೆ. ಹವಾಮಾನ ಮುನ್ಸೂಚನೆಯ ವಿಂಡಿ ಆ್ಯಪ್‌ನಲ್ಲಿ ಎತ್ತರವನ್ನು 100 ಮೀಟರ್‌ಗೆ ಬದಲಿಸಿ ವಾರದ ಮುಂಚಿನಿಂದಲೇ ನೋಡುತ್ತಿರಿ.

ಧಾರವಾಡದಿಂದ, ಭೌತಶಾಸ್ತ್ರ ಉಪನ್ಯಾಸಕಿ:

ಅಕ್ಟೋಬರ್ ಬೇಡ ಎನ್ನಲು ಮಳೆಯಲ್ಲದೆ ಇನ್ನೊಂದು ಕಾರಣವೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಈ ಡ್ರೋನ್‌ಗಳು ಉಪಗ್ರಹ ಸಂಕೇತಗಳನ್ನು ನೆಲದ ಒಂದು ಕೇಂದ್ರದ ನೆರವಿನಿಂದ ತಿದ್ದಿಕೊಂಡು, ಕೆಲವೇ ಸೆಂಟಿಮೀಟರ್‌ಗಳ ನಿಖರತೆಯಲ್ಲಿ ನಿಲ್ಲುತ್ತವೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅದರ ಆಸುಪಾಸಿನ ಆಕಾಶದಲ್ಲಿ, ಸೂರ್ಯಾಸ್ತದ ನಂತರ ಅಯಾನುಗೋಳ (ವಾತಾವರಣದ ತೀರ ಮೇಲಿನ, ವಿದ್ಯುತ್ ಕಣಗಳಿರುವ ಪದರ) ಕಲಕಿ ಉಪಗ್ರಹ ಸಂಕೇತಗಳು ಏರುಪೇರಾಗುವುದುಂಟು. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ರಾತ್ರಿ ಎಂಟರಿಂದ ನಡುರಾತ್ರಿಯವರೆಗೆ ಇದು ಹೆಚ್ಚು. ಸೂರ್ಯ ಚುರುಕಾಗಿರುವ ವರ್ಷಗಳಲ್ಲಂತೂ ಇನ್ನೂ ಹೆಚ್ಚು. ಜನವರಿಯಲ್ಲಿ, ಕತ್ತಲಾದ ಕೂಡಲೇ, ಏಳರ ಸುಮಾರಿಗೆ ಮುಗಿಸಿಬಿಡುವುದು ಒಳ್ಳೆಯದು.

ಹಿಂಗಾರು ಮಳೆಯ ಸಂಜೆಗಳಲ್ಲಿ ಗುಡುಗಿನ ಮೋಡ ಎಷ್ಟು ಬೇಗ ಕಟ್ಟುತ್ತದೆ ಎಂದು ನಮ್ಮ ಭಾಗದವರಿಗೆ ಗೊತ್ತು. ಮಳೆ ಬೀಳುವ ಮೊದಲೇ ಆ ಮೋಡದಿಂದ ತಣ್ಣನೆಯ ಗಾಳಿ ನುಗ್ಗಿ ಬರುತ್ತದೆ. ಹನಿ ಬಿದ್ದಾಗ ನಿಲ್ಲಿಸೋಣ ಎಂದು ಕಾದರೆ ತಡವಾಯಿತೆಂದೇ ಅರ್ಥ. ಸಿಡಿಲಿಗೆ ದಾಮಿನಿ ಆ್ಯಪ್ ನೋಡಿ.

ಹಾವೇರಿಯಿಂದ, ಶಾಮಿಯಾನ ಮತ್ತು ಧ್ವನಿವರ್ಧಕದವರು:

ನಾನು ನೆಲದ ಮಾತು ಹೇಳುತ್ತೇನೆ. ಎರೆ ಮಣ್ಣಿನ ಮೈದಾನವಾದರೆ, ಹಿಂದಿನ ದಿನ ಒಂದು ಮಳೆ ಬಿದ್ದರೂ ಜನರೇಟರ್ ಗಾಡಿ ಹೂತುಕೊಳ್ಳುತ್ತದೆ. ಒಣಗಿದ್ದರೆ, ಇಷ್ಟೊಂದು ಡ್ರೋನ್‌ಗಳು ಒಟ್ಟಿಗೆ ಏಳುವಾಗ ಧೂಳು ಮೇಲೆದ್ದು ಮೋಟಾರಿಗೆ ಸೇರುತ್ತದೆ. ಗಟ್ಟಿ ಮ್ಯಾಟ್ ಹಾಸಿ, ಅಂಚುಗಳಿಗೆ ಮೊಳೆ ಹೊಡೆಸಿ. ಬರಿಯ ತಾಡಪತ್ರಿಯಾದರೆ ರೆಕ್ಕೆಯ ಗಾಳಿಗೆ ಎದ್ದುಬಿಡುತ್ತದೆ.

ಜನವರಿಯಲ್ಲಿ ಇಬ್ಬನಿ ಇದೆ. ಡ್ರೋನ್‌ಗಳನ್ನು ನಾಲ್ಕು ಗಂಟೆಗೇ ಸಾಲಾಗಿ ಇಟ್ಟಿರುತ್ತಾರೆ. ಭಾಷಣಗಳು ಬೆಳೆದು ಒಂಬತ್ತಾದರೆ ಪ್ಲಾಸ್ಟಿಕ್ ಮೈ ಮೇಲೆ ತೇವ ಕೂಡುತ್ತದೆ. ಬೆರಳು ಸವರಿದರೆ ಗೆರೆ ಮೂಡುವಷ್ಟು ಕೂತಿದ್ದನ್ನು ನೋಡಿದ್ದೇನೆ, ಹುಡುಗರು ಒಂದೊಂದನ್ನೇ ಬಟ್ಟೆಯಿಂದ ಒರೆಸಿದರು. ಮೊದಲು ಪ್ರದರ್ಶನ, ಆಮೇಲೆ ಭಾಷಣ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿಬಿಡಿ.

ಗದಗದಿಂದ:

ಎಲ್ಲರಿಗೂ ಧನ್ಯವಾದಗಳು. ಜನವರಿ ಎಂದು ಸಂಘದವರನ್ನು ಒಪ್ಪಿಸುತ್ತೇನೆ. ಗಾಳಿ ಹೆಚ್ಚಾದರೆ ರದ್ದು ಮಾಡುವ ಅಧಿಕಾರ ಯಾರಿಗಿರಬೇಕು? ನಮ್ಮವರಿಗೋ, ಅವರಿಗೋ?

ಹುಬ್ಬಳ್ಳಿಯಿಂದ, ಕಾರ್ಯಕ್ರಮ ಆಯೋಜಕ:

ಡ್ರೋನ್ ಹಾರಿಸುವ ಮುಖ್ಯ ಪೈಲಟ್ ಒಬ್ಬರಿಗೆ ಮಾತ್ರ. ಅತಿಥಿಗಳು ಬಂದಿದ್ದಾರೆ, ಜನ ಕಾಯುತ್ತಿದ್ದಾರೆ ಎಂದು ವೇದಿಕೆಯಿಂದ ಯಾರೂ ಅವರನ್ನು ಒತ್ತಾಯಿಸಬಾರದು. ಮರುದಿನವನ್ನು ಕಾಯ್ದಿರಿಸಿದ ದಿನವೆಂದು ಒಪ್ಪಂದದಲ್ಲಿ ಸೇರಿಸಿ, ಅದರ ಖರ್ಚು ಯಾರದು ಎಂಬುದನ್ನೂ ಈಗಲೇ ಬರೆಸಿ. ಪ್ರೇಕ್ಷಕರನ್ನು ಗಾಳಿ ಬರುವ ದಿಕ್ಕಿನಲ್ಲಿ ಕೂರಿಸಿ. ಕೆಟ್ಟ ಡ್ರೋನ್ ಗಾಳಿ ಹೋಗುವ ಕಡೆಗೆ ತೇಲಿ ಬೀಳುತ್ತದೆ. ಜನವರಿಯಲ್ಲಿ ನಿಮ್ಮಲ್ಲಿ ಹೆಚ್ಚಾಗಿ ಮೂಡಣ ಗಾಳಿ, ಆದ್ದರಿಂದ ಕುರ್ಚಿಗಳು ಪೂರ್ವಕ್ಕಿರಲಿ, ಪಶ್ಚಿಮದ ಬಯಲು ಖಾಲಿ ಇರಲಿ.