‘ಬಾಡಿ ಇಮೇಜ್’ಗೆ ‘ದೇಹಬಿಂಬ’ ಸಾಕೇ?

ಪ್ರಶ್ನೆ: ಟಿವಿ, ಇನ್‌ಸ್ಟಾಗ್ರಾಂ ನೋಡುವುದಕ್ಕೂ ಹುಡುಗ ಹುಡುಗಿಯರು ತಮ್ಮ ಮೈಯ ಬಗ್ಗೆ ಕೊರಗುವುದಕ್ಕೂ ಇರುವ ನಂಟನ್ನು ಹುಡುಕುವ ಪ್ರಶ್ನಾವಳಿಯೊಂದು ಕನ್ನಡಕ್ಕೆ ಬರುತ್ತಿದೆ. ‘ಬಾಡಿ ಇಮೇಜ್’ಗೆ ‘ದೇಹಬಿಂಬ’, ‘ಇಂಟರ್ನಲೈಸೇಶನ್’ಗೆ ‘ಆಂತರಿಕೀಕರಣ’ ಎಂದು ಸದ್ಯಕ್ಕೆ ಇಟ್ಟಿದೆ. ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ ಎರಡೂ ಸರಿಯಾಗಿಯೇ ಬಂದವು. ಆದರೆ ಪಿಯುಸಿ ಓದುವವರಿಗೆ ಇವು ಅರ್ಥವಾಗುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಅರ್ಥವಾಗುವುದು ಕಷ್ಟ. ‘ಬಿಂಬ’ ಎಂದೊಡನೆ ಓದುವವರಿಗೆ ನೆನಪಾಗುವುದು ಕನ್ನಡಿ. ಮನೋವೈದ್ಯ ಪೌಲ್ ಶಿಲ್ಡರ್ 1935ರಲ್ಲಿ ‘ಬಾಡಿ ಇಮೇಜ್’ ಎಂದು ಹೇಳಿದ್ದು ಮನಸ್ಸಿನೊಳಗೆ ಮೂಡುವ ನಮ್ಮದೇ ಮೈಯ ಚಿತ್ರ. ಇಂದಿನ ಸಂಶೋಧನೆಯಲ್ಲಿ ಮೆಚ್ಚುಗೆ, ನಾಚಿಕೆ, ಅಸಮಾಧಾನ ಎಲ್ಲವೂ ಅದಕ್ಕೆ ಸೇರಿವೆ. ಪ್ರಬಂಧದ ತಲೆಬರಹದಲ್ಲಿ ‘ದೇಹಬಿಂಬ’ ಇರಲಿ. ಪ್ರಶ್ನೆಯೊಳಗೆ ‘ನಿಮ್ಮ ಮೈಯ ಬಗ್ಗೆ ನಿಮಗೆ ಹೇಗನ್ನಿಸುತ್ತದೆ’ ಎಂದೇ ಕೇಳಿ.

ಇಂಗ್ಲಿಷಿಗೆ ತಿರುಗಿಸಿದಾಗ ಸರಿ ಬಂತು ಎಂಬುದನ್ನೇ ನೆಚ್ಚಿಕೊಳ್ಳಬೇಡಿ. ಪದಕ್ಕೆ ಪದ ಇಟ್ಟ ಅನುವಾದವೇ ಎಲ್ಲಕ್ಕಿಂತ ಸಲೀಸಾಗಿ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ತಿರುಗಿಸುವವರಿಗೆ ಇಂಗ್ಲಿಷ್ ಗೊತ್ತಿರುತ್ತದೆ. ಉತ್ತರ ಬರೆಯುವ ಹುಡುಗಿಗೆ ಅದು ಕನ್ನಡವಾಗಿ ದಕ್ಕಿತೇ ಎಂಬುದು ಆ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಎಂಟು ಹತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿಸಿ, ‘ಇದನ್ನು ನಿನ್ನ ಮಾತಲ್ಲಿ ಹೇಳು’ ಎನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲೇ ತಿದ್ದುವ ಕೆಲಸವಿದೆ.

‘ಆಂತರಿಕೀಕರಣ’ಕ್ಕೆ ಬದಲು ‘ಮೈಗೂಡಿಸಿಕೊಳ್ಳುವುದು’ ಎನ್ನಬಹುದು. ಹೊರಗಿನದು ನಮ್ಮದೇ ಆಗಿಬಿಡುವುದಕ್ಕೆ ಕನ್ನಡ ಮೊದಲಿನಿಂದ ಬಳಸುತ್ತಿರುವ ಮಾತು ಅದು, ಈ ವಿಷಯಕ್ಕಂತೂ ಹೇಳಿ ಮಾಡಿಸಿದಂತಿದೆ! ‘ಒಪ್ಪಿಕೊಳ್ಳುವುದು’ ಬೇಡ. ಚೆಲುವಿನ ಬಗ್ಗೆ ಸಮಾಜ ಹೇಳುವುದನ್ನು ಜನ ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಅಳೆಯುವ 1995ರ ಸಟಾಕ್ (SATAQ) ಪ್ರಶ್ನಾವಳಿಯ 14 ವಾಕ್ಯಗಳು ಎರಡು ಗುಂಪಾಗಿವೆ: ತೆಳ್ಳಗಿರುವವರಿಗೇ ಬೆಲೆ ಎಂದು ಸಮಾಜ ಹೇಳುವುದು ಗೊತ್ತಿರುವುದು ಒಂದು, ಅದನ್ನು ತನ್ನ ಅಳತೆಗೋಲು ಮಾಡಿಕೊಳ್ಳುವುದು ಇನ್ನೊಂದು. ‘ಒಪ್ಪುತ್ತೇನೆ’ ಎಂದರೆ ಇವೆರಡೂ ಕಲಸಿಹೋಗುತ್ತವೆ.

ಹೆಣ್ಣು ಗಂಡಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ‘ಮೈಮಾಟ’ ಹೆಣ್ಣಿಗೆ, ‘ಮೈಕಟ್ಟು’ ಹೆಚ್ಚಾಗಿ ಗಂಡಿಗೆ. ಇಬ್ಬರಿಗೂ ಒಂದೇ ಹಾಳೆ ಕೊಡುವುದಾದರೆ ಎರಡನ್ನೂ ಬಿಟ್ಟು ‘ಮೈಯ ಆಕಾರ’ ಎನ್ನಿ. ಹುಡುಗರಲ್ಲಿ ಹೆಚ್ಚಾಗಿ ಕಾಣುವ, ಸ್ನಾಯು ಬೆಳೆಸುವ ಹಂಬಲವನ್ನೇ ಅಳೆಯಲು ಮೆಕ್ರೀರಿ ಮತ್ತು ಸ್ಯಾಸ್ 2000ದಲ್ಲಿ ಮಾಡಿದ 15 ವಾಕ್ಯಗಳ ಬೇರೊಂದು ಪ್ರಶ್ನಾವಳಿಯಿದೆ. ‘ಮೈಕಟ್ಟು’ ಅಲ್ಲಿ ಸಲ್ಲುತ್ತದೆ.

ತೆಳ್ಳಗಾಗುವುದನ್ನು ಹೇಳುವ ಪದಗಳಲ್ಲೂ ಎಚ್ಚರ ಬೇಕು. ‘ಇಳಿದುಹೋಗಿದ್ದೀಯ’ ಎಂಬುದು ಕನ್ನಡದಲ್ಲಿ ಹೊಗಳಿಕೆಯಲ್ಲ. ‘ಊಟ ಸರಿಯಾಗಿ ಮಾಡ್ತಿಲ್ವಾ?’ ಎಂಬ ಕಾಳಜಿ ಅದರ ಬೆನ್ನಿಗೇ ಬರುತ್ತದೆ. ಫಿಜಿಯಲ್ಲೂ ಹಾಗೆಯೇ: ಮೈ ತುಂಬಿಕೊಂಡಿದ್ದರೆ ಮೆಚ್ಚುಗೆ, ಬಡವಾದರೆ ಮನೆಯವರು ನೋಡಿಕೊಳ್ಳುತ್ತಿಲ್ಲವೆಂಬ ಆತಂಕ. ಅಲ್ಲಿನ ನಡ್ರೋಗಾ ಪ್ರಾಂತ್ಯದಲ್ಲಿ ಸಂಶೋಧಕಿ ಆನ್ ಬೆಕರ್ 1995ರಲ್ಲಿ, ಟಿವಿ ಬಂದ ಹೊಸತರಲ್ಲಿ, 63 ಹುಡುಗಿಯರಿಗೆ ಈಟ್-26 (EAT-26) ಎಂಬ, ಊಟ ಮತ್ತು ತೂಕದ ಬಗೆಗಿನ ಧೋರಣೆ ಅಳೆಯುವ 26 ವಾಕ್ಯಗಳ ಪ್ರಶ್ನಾವಳಿ ಕೊಟ್ಟರು. 1998ರಲ್ಲಿ ಬೇರೆ 65 ಮಂದಿಗೆ ಕೊಟ್ಟರು. 20ಕ್ಕಿಂತ ಹೆಚ್ಚು ಅಂಕ ಬಂದವರ, ಅಂದರೆ ಊಟದ ವಿಚಾರದಲ್ಲಿ ತೊಂದರೆಯ ಸುಳಿವಿರುವವರ, ಪಾಲು ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು. ಬೆಕರ್ ಅಂಕಗಳಿಗೇ ನಿಲ್ಲದೆ ಹುಡುಗಿಯರನ್ನು ಮಾತಾಡಿಸಿದ್ದರಿಂದಲೇ ಟಿವಿಯಲ್ಲಿ ಕಂಡವರಂತಾಗಬೇಕೆಂಬ ಆಸೆ ಅವರ ಬಾಯಿಂದಲೇ ಹೊರಬಂತು. ನಿಮ್ಮ ಪ್ರಶ್ನಾವಳಿಯಲ್ಲಿ ‘ಸಣ್ಣಗಾಗು’, ‘ಇಳಿದುಹೋಗು’ ಬಿಟ್ಟು ‘ತೆಳ್ಳಗಾಗು’ ಎನ್ನಿ. ‘ಸಣ್ಣ’ ಎಂದರೆ ವಯಸ್ಸೂ ಆಗುತ್ತದೆ, ಎತ್ತರವೂ ಆಗುತ್ತದೆ.

ಈಟ್-26 ಬಳಸುವುದಾದರೆ ಉತ್ತರಕ್ಕೆ ಗುರುತು ಹಾಕುವ ಮನೆಗಳನ್ನು ಮೊದಲು ನೋಡಿ. ಆರು ಮನೆಗಳಲ್ಲಿ ಮೊದಲ ಮೂರಕ್ಕೆ 3, 2, 1 ಅಂಕ, ಉಳಿದ ಮೂರಕ್ಕೆ ಸೊನ್ನೆ; ಕೊನೆಯ ವಾಕ್ಯಕ್ಕೆ ಮಾತ್ರ ಲೆಕ್ಕ ತಿರುಗುಮುರುಗು. ಅಂದರೆ ಮೂರನೆಯ ಮನೆ ‘ಆಫನ್’ ಮತ್ತು ನಾಲ್ಕನೆಯ ಮನೆ ‘ಸಮ್‌ಟೈಮ್ಸ್’ ನಡುವೆಯೇ ಗೆರೆ ಬೀಳುತ್ತದೆ. ‘ಆಫನ್’ಗೆ ‘ಆಗಾಗ’ ಹಾಕಿದರೆ ಕೆಲವರು ಅದನ್ನು ‘ಒಮ್ಮೊಮ್ಮೆ’ ಎಂದೇ ಓದಿಕೊಂಡು ಗುರುತು ಹಾಕಬಹುದು, ಸೊನ್ನೆ ಬರಬೇಕಾದಲ್ಲಿ ಒಂದು ಬರುತ್ತದೆ. 26 ವಾಕ್ಯಗಳಲ್ಲಿ ಹೀಗೆ ಕೂಡುತ್ತಾ ಹೋದರೆ 20ರ ಗಡಿ ದಾಟಿಸಲು ಅನುವಾದದ ತಪ್ಪೇ ಸಾಕಾಗಬಹುದು. ‘ಯಾವಾಗಲೂ, ಹೆಚ್ಚುಕಡಿಮೆ ಯಾವಾಗಲೂ, ಬಹಳ ಸಲ, ಕೆಲವು ಸಲ, ಅಪರೂಪಕ್ಕೆ, ಎಂದೂ ಇಲ್ಲ’ ಎಂದು ಇಟ್ಟು ನೋಡಿ. ‘ಆಗಾಗ’ ಇದ್ದ ಹಾಳೆಗಳನ್ನು ಈಗಾಗಲೇ ತುಂಬಿಸಿದ್ದರೆ ಹೊಸವುಗಳ ಜೊತೆ ಕೂಡಿಸಬೇಡಿ.